ಗ್ರೀನ್ ಕಾರ್ಡು ಯಾರ ಪೆಟ್ಟಿಗೆಯಲ್ಲಿದೆ?

ಹೋದ ವರ್ಷ ಆಷಾಢದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಮನೆಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಅವರ ಸಂಘದ ಉಳಿತಾಯದ ಪಾಸ್‌ಬುಕ್ಕು, ಅದರ ಜೊತೆಗೆ ರೂಲ್ಡ್ ಹಾಳೆಯಲ್ಲಿ ಒತ್ತೊತ್ತಾಗಿ ಬರೆದ ಹನ್ನೊಂದು ಪುಟ. "ಮೇಡಂ, ಇದನ್ನ ಇಂಗ್ಲಿಷಿಗೆ ಮಾಡಿಕೊಡ್ಬೇಕಂತೆ. ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ," ಎಂದರು. ಬರೆದವಳು ಅವರ ಮಗಳು. ಪಿಯುಸಿಯಲ್ಲಿ ನನ್ನ ತರಗತಿಯಲ್ಲಿ ಕೂತಿದ್ದವಳು, ಆಮೇಲೆ ಇಂಜಿನಿಯರಿಂಗ್ ಮುಗಿಸಿ ಬ್ಯಾಂಕಿನ ಸಾಲ ಪಡೆದು ಅಮೆರಿಕಕ್ಕೆ ಎಂ.ಎಸ್. ಓದಲು ಹೋದವಳು. ಅಷ್ಟು ಓದಿದವಳು ಇಂಗ್ಲಿಷಿನಲ್ಲೇ ಬರೆಯಬಾರದಿತ್ತೇ ಎಂದು ಕೇಳಿಬಿಟ್ಟೆ. ಆಕೆಯ ಉತ್ತರ ಮಾರನೇ ದಿನ ಫೋನಿನಲ್ಲಿ ಬಂತು. "ಇಂಗ್ಲಿಷಲ್ಲಿ ಬರೆಯೋಕೆ ಕೂತೆ ಮೇಡಂ, ಕೈ ಓಡಲಿಲ್ಲ. ಅವರು ಬೈದದ್ದು, ಹೊಡೆದದ್ದು ಎಲ್ಲ ಕನ್ನಡದಲ್ಲೇ ಅಲ್ವಾ."

ಆ ಹನ್ನೊಂದು ಪುಟ ಹೋಗಬೇಕಾಗಿದ್ದದ್ದು ಅಮೆರಿಕದ ವಲಸೆ ಇಲಾಖೆಗೆ. ಅಲ್ಲಿ ಐ-360 ಎಂಬ ಒಂದು ಅರ್ಜಿ ನಮೂನೆ ಇದೆ. ಗಂಡನಿಂದ ಹಿಂಸೆಗೊಳಗಾದ ಹೆಣ್ಣು ಗಂಡನ ಸಹಿ ಇಲ್ಲದೆ, ಗಂಡನಿಗೆ ತಿಳಿಯದಂತೆ, ತನ್ನ ಕಾಯಂ ವಾಸದ ಹಕ್ಕಿಗೆ ತಾನೇ ಅರ್ಜಿ ಹಾಕಿಕೊಳ್ಳುವ ದಾರಿ ಅದು. ಮೂವತ್ತು ವರ್ಷಗಳಿಂದ ಈ ದಾರಿ ತೆರೆದಿದೆ. ವರದಕ್ಷಿಣೆ ವಿರೋಧಿ ಚಳವಳಿಯಲ್ಲಿ ಅಲ್ಪಸ್ವಲ್ಪ ಓಡಾಡಿದ ನನಗೇ ಇದರ ವಿವರ ಗೊತ್ತಿರಲಿಲ್ಲ. ಅಳಿಯ ಅಮೆರಿಕದಲ್ಲಿದ್ದಾನೆ ಎಂದು ಊರೆಲ್ಲ ಹೇಳಿಕೊಂಡು ಬರುವ ತಂದೆತಾಯಿಗಳಿಗೆ ಗೊತ್ತಿರುವುದು ಇನ್ನೂ ಕಡಿಮೆ. ಈ ಲೇಖನ ಅದಕ್ಕಾಗಿ.

ಆ ಹುಡುಗಿಯ ಹೆಸರು, ಊರು ಹೇಳಲಾರೆ. ಕಥೆ ಮಾತ್ರ ಹೇಳಲು ಅವಳೇ ಒಪ್ಪಿದ್ದಾಳೆ. ಓದುತ್ತಿದ್ದಾಗಲೇ ಸಂಬಂಧ ಕುದುರಿತು. ವರ ನಮ್ಮ ಕಡೆಯವನೇ, ಆದರೆ ಅಮೆರಿಕದ ಪೌರತ್ವ ಪಡೆದವನು. ರಜೆಯಲ್ಲಿ ಊರಿಗೆ ಬಂದು ಮದುವೆ, ಮತ್ತೆ ವಿದ್ಯಾರ್ಥಿ ವೀಸಾದಲ್ಲೇ ವಾಪಸು. "ಇನ್ನು ಓದು ಯಾಕೆ, ನಾನು ಫೈಲ್ ಮಾಡ್ತೀನಿ, ಗ್ರೀನ್ ಕಾರ್ಡ್ ಬರುತ್ತೆ" ಎಂದು ಗಂಡ ಕಾಲೇಜು ಬಿಡಿಸಿದ. ಕಾಲೇಜು ಬಿಟ್ಟ ದಿನವೇ ವಿದ್ಯಾರ್ಥಿ ವೀಸಾದ ನೆಲೆ ಹೋಯಿತು. ಫೈಲು ಮಾತ್ರ ಆಗಲಿಲ್ಲ. ಎರಡು ವರ್ಷ ಆ "ಫೈಲ್" ಎಂಬ ಮಾತೇ ಅವಳ ತಲೆಯ ಮೇಲೆ ತೂಗುವ ಕತ್ತಿಯಾಯಿತು. ಅಡಿಗೆ ರುಚಿಯಾಗದಿದ್ದರೆ ಫೈಲ್ ಮಾಡುವುದಿಲ್ಲ, ತವರಿಗೆ ಫೋನ್ ಮಾಡಿದರೆ ಫೈಲ್ ಮಾಡುವುದಿಲ್ಲ, ಕೆನ್ನೆಗೆ ಬಿದ್ದದ್ದನ್ನು ನೆರೆಯವರಿಗೆ ಹೇಳಿದರೆ ಇಮಿಗ್ರೇಷನ್‌ನವರಿಗೆ ಹೇಳಿ ಹಿಡಿಸುತ್ತೇನೆ. ಇತ್ತ ಊರಿನಲ್ಲಿ ಅತ್ತೆ ಮಾವ ಫೈಲ್ ಮಾಡಿಸಲು ಲಾಯರ್ ಖರ್ಚು ಎಂದು ಬೀಗರ ಬಳಿ ಹಣ ಕೇಳಿದರು. ಒಮ್ಮೆಯಲ್ಲ, ಮೂರು ಸಲ. ಮೂರನೆಯ ಸಲ ತಾಯಿ ತಮ್ಮ ಸಂಘದಲ್ಲಿ ಒಂದು ಲಕ್ಷ ರೂಪಾಯಿ ಸಾಲ ಎತ್ತಿದರು. ನಡಾವಳಿ ಪುಸ್ತಕದಲ್ಲಿ ಸಾಲದ ಉದ್ದೇಶ "ಮಗಳ ವಿದ್ಯಾಭ್ಯಾಸ" ಎಂದೇ ಬರೆದಿದೆಯಂತೆ.

ವರದಕ್ಷಿಣೆ ಹೇಗೆ ವೇಷ ಬದಲಿಸುತ್ತದೆ ನೋಡಿ. ನಮ್ಮ ಕಾಲದಲ್ಲಿ ಸ್ಕೂಟರು, ಆಮೇಲೆ ಸೈಟು, ಕಾರು. ಈಗ ಲಾಯರ್ ಫೀಸು, ವೀಸಾ ಖರ್ಚು, ಟಿಕೆಟ್ಟು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಭಾಷೆಯಲ್ಲಿ ಹೇಳುವುದಾದರೆ, ಮದುವೆಗೆ ಸಂಬಂಧಿಸಿದಂತೆ ಕೇಳಿ ಪಡೆದದ್ದು ವರದಕ್ಷಿಣೆಯೇ, ಮದುವೆಗೆ ಮುಂಚೆ ಕೇಳಿದರೂ ಅಷ್ಟೆ, ಆಮೇಲೆ ಕೇಳಿದರೂ ಅಷ್ಟೆ. ಆದರೆ ಈ ವೇಷದಲ್ಲಿ ಬಂದಾಗ ನಾವು ಗುರುತಿಸುವುದಿಲ್ಲ. ಮಗಳ ಒಳ್ಳೆಯದಕ್ಕೆ ತಾನೇ ಎಂದು ಕೊಟ್ಟುಬಿಡುತ್ತೇವೆ.

ಕೊನೆಗೆ ಒಂದು ದಿನ "ಅಮ್ಮನಿಗೆ ಹುಷಾರಿಲ್ಲ, ನೋಡಿಕೊಂಡು ಬರೋಣ" ಎಂದು ಕರೆತಂದ. ತವರಿನಲ್ಲಿ ಬಿಟ್ಟ. ಹದಿನೈದು ದಿನದ ಮೇಲೆ ಒಬ್ಬನೇ ಹೋದ. ಅವಳ ಪಾಸ್‌ಪೋರ್ಟು ಅವನ ಪೆಟ್ಟಿಗೆಯಲ್ಲಿತ್ತು.

ಸಂಘದಲ್ಲಿರುವ ಹೆಣ್ಣುಮಕ್ಕಳಿಗೆ ನಾನು ಒಂದು ವಿಷಯ ವಿವರಿಸಬೇಕಾಗಿಲ್ಲ. ಗಂಡನ ಜೇಬಿನಲ್ಲಿರುವ ದುಡ್ಡಿಗೂ ನಮ್ಮ ಹೆಸರಿನ ಪಾಸ್‌ಬುಕ್ಕಿನಲ್ಲಿರುವ ದುಡ್ಡಿಗೂ ಇರುವ ವ್ಯತ್ಯಾಸ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ವಾಸದ ಹಕ್ಕಿನದೂ ಇದೇ ಕಥೆ. ಹೆಂಡತಿಗೆ ಗ್ರೀನ್ ಕಾರ್ಡು ಬೇಕಾದರೆ ಗಂಡ ಅರ್ಜಿ ಹಾಕಬೇಕು. ಹಾಕಿದ ಅರ್ಜಿಯನ್ನು ಅವನು ಹಿಂದಕ್ಕೂ ತೆಗೆದುಕೊಳ್ಳಬಹುದು. 1986ರಲ್ಲಿ ಸುಳ್ಳು ಮದುವೆಗಳನ್ನು ತಡೆಯಲೆಂದು ಅಲ್ಲಿಯ ಸಂಸತ್ತು ಇನ್ನೊಂದು ಗಂಟು ಹಾಕಿತು. ಕಾರ್ಡು ಸಿಗುವ ಹೊತ್ತಿಗೆ ಮದುವೆಯಾಗಿ ಎರಡು ವರ್ಷ ತುಂಬಿಲ್ಲದಿದ್ದರೆ ಎರಡು ವರ್ಷದ ಷರತ್ತಿನ ಕಾರ್ಡು ಮಾತ್ರ. ಅದನ್ನು ಕಾಯಂ ಮಾಡಿಸಲು ಗಂಡಹೆಂಡತಿ ಇಬ್ಬರೂ ಕೂಡಿ ಸಹಿ ಹಾಕಬೇಕು. ಹೊಡೆಯುವ ಗಂಡನ ಸಹಿಗಾಗಿ ಎರಡು ವರ್ಷ ಹೊಡೆತ ತಿನ್ನುತ್ತ ಕಾಯುವುದು ಎಂದು ಇದರ ಅರ್ಥ. ಅಲ್ಲಿಯ ಮಹಿಳಾ ಸಂಘಟನೆಗಳು ಗಲಾಟೆ ಮಾಡಿದ ಮೇಲೆ 1990ರಲ್ಲಿ, ಹಿಂಸೆಗೊಳಗಾದವಳು ಜಂಟಿ ಸಹಿಯಿಲ್ಲದೆ ಒಬ್ಬಳೇ ಅರ್ಜಿ ಹಾಕಬಹುದು ಎಂಬ ವಿನಾಯಿತಿ ಬಂತು. ಆದರೆ ಗಂಡ ಅರ್ಜಿಯನ್ನೇ ಹಾಕದಿದ್ದವರ ಗತಿ? ಅದಕ್ಕೆ ಉತ್ತರ ಬಂದದ್ದು 1994ರ ಸೆಪ್ಟೆಂಬರಿನಲ್ಲಿ, ಮಹಿಳೆಯರ ಮೇಲಿನ ಹಿಂಸೆ ತಡೆ ಕಾಯ್ದೆಗೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದಾಗ. ಹೆಣ್ಣು ತನ್ನ ಅರ್ಜಿ ತಾನೇ ಹಾಕಬಹುದು ಎಂಬ ಮಾತು ಆ ದೇಶದ ವಲಸೆ ಕಾನೂನಿನಲ್ಲಿ ಸೇರಿದ್ದು ಆಗ.

ಆ ಐ-360 ನಮೂನೆಯೇ ಒಂದು ವಿಚಿತ್ರ. ವಿಧವೆಯರು, ವಿಶೇಷ ವಲಸೆಗಾರರು, ಹಿಂಸೆಗೊಳಗಾದವರು ಎಲ್ಲರಿಗೂ ಅದೊಂದೇ ಕಾಗದ. ಅಲ್ಲಿಯ ದೇವಸ್ಥಾನಕ್ಕೆ ನಮ್ಮಲ್ಲಿಂದ ಹೋಗುವ ಅರ್ಚಕರು ಧಾರ್ಮಿಕ ಕೆಲಸಗಾರರ ವರ್ಗದಲ್ಲಿ ಕಾಯಂ ವಾಸ ಪಡೆಯುವುದೂ ಇದೇ ನಮೂನೆಯ ಮೂಲಕ. ದೇವಸ್ಥಾನದಲ್ಲಿ ದಂಪತಿಗಳಿಗೆ ಆಶೀರ್ವಾದ ಮಾಡುವವರಿಗೂ ಆ ದಾಂಪತ್ಯದಿಂದ ಓಡಿ ಬಂದವಳಿಗೂ ಒಂದೇ ಅರ್ಜಿ. ಟಿಕ್ ಹಾಕುವ ಚೌಕ ಮಾತ್ರ ಬೇರೆ.

ಯಾರು ಹಾಕಬಹುದು? ಗಂಡ ಅಮೆರಿಕದ ಪೌರನಾಗಿರಬೇಕು ಅಥವಾ ಗ್ರೀನ್ ಕಾರ್ಡು ಉಳ್ಳವನಾಗಿರಬೇಕು. ಇದು ಮೊದಲ ಮಾತು, ಇದಕ್ಕೆ ಮತ್ತೆ ಬರುತ್ತೇನೆ. ಮದುವೆ ಕಾಗದಕ್ಕಾಗಿ ಮಾಡಿಕೊಂಡದ್ದಲ್ಲ, ನಿಜವಾಗಿ ಬಾಳಲು ಮಾಡಿಕೊಂಡದ್ದು ಎಂದು ತೋರಿಸಬೇಕು. ಜೊತೆಯಲ್ಲಿ ವಾಸವಿದ್ದದ್ದು ತೋರಿಸಬೇಕು. ಹೊಡೆತ ಅಥವಾ "ತೀವ್ರ ಕ್ರೌರ್ಯ" ನಡೆದದ್ದು ತೋರಿಸಬೇಕು. ಈ ಎರಡನೆಯ ಪದ ಮುಖ್ಯ. ಮೂಳೆ ಮುರಿದಿರಬೇಕೆಂದಿಲ್ಲ. ಕೂಡಿಹಾಕುವುದು, ಕಾಸು ಕೊಡದಿರುವುದು, ತವರಿನ ಸಂಪರ್ಕ ಕಡಿಯುವುದು, ಹಿಡಿಸಿ ಗಡಿಪಾರು ಮಾಡಿಸುತ್ತೇನೆಂದು ಹೆದರಿಸುವುದು, ಇವೆಲ್ಲವನ್ನೂ ಕ್ರೌರ್ಯದ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಗಂಡಹೆಂಡತಿಯರಷ್ಟೇ ಅಲ್ಲ, ಪೌರತ್ವ ಪಡೆದ ವಯಸ್ಕ ಮಗನೋ ಮಗಳೋ ಹಿಂಸಿಸಿದರೆ ತಂದೆತಾಯಿಗಳೂ ಈ ಅರ್ಜಿ ಹಾಕಬಹುದು. ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಎಂದು ಹೋಗಿ ಅಡಿಗೆಮನೆಯಲ್ಲೇ ಸವೆದ ತಾಯಂದಿರನ್ನು ಕಂಡಿದ್ದೇನೆ, ಆದ್ದರಿಂದ ಈ ಮಾತು ಹೇಳಿದೆ.

ಇದಲ್ಲದೆ ಇನ್ನೊಂದು ಷರತ್ತಿದೆ. ಅರ್ಜಿ ಹಾಕುವವಳು ತನ್ನ "ಸಚ್ಚಾರಿತ್ರ್ಯ"ವನ್ನು ರುಜುವಾತು ಮಾಡಬೇಕು. ಹಿಂದಿನ ಮೂರು ವರ್ಷ ಎಲ್ಲೆಲ್ಲಿ ವಾಸವಿದ್ದಳೋ ಅಲ್ಲಿಯ ಪೊಲೀಸರಿಂದ ಕಾಗದ ತರಬೇಕು. ಹೊಡೆದವನ ಚಾರಿತ್ರ್ಯವನ್ನು ಯಾರೂ ಕೇಳುವುದಿಲ್ಲ, ಹೊಡೆಸಿಕೊಂಡವಳು ಒಳ್ಳೆಯವಳೇ ಎಂದು ಪ್ರಮಾಣಪತ್ರ ಬೇಕು! ನಮ್ಮ ಊರಿನ ಪಂಚಾಯ್ತಿ ಕಟ್ಟೆಯ ಪ್ರಶ್ನೆಯೇ ವಾಷಿಂಗ್ಟನ್ನಿನಲ್ಲೂ ಎಂದು ಅನುವಾದ ಮಾಡುತ್ತ ಕೂತಾಗ ನನಗೆ ಅನಿಸಿತು. ಈ ಕಾನೂನನ್ನು ನಾನು ಹೊಗಳುತ್ತಿದ್ದೇನೆ ನಿಜ, ಆದರೆ ಇದು ಇವತ್ತಿಗೂ ಹೆಣ್ಣನ್ನು ಯಾರದೋ ಹೆಂಡತಿ ಎಂದೇ ನೋಡುತ್ತದೆ, ಒಬ್ಬ ಮನುಷ್ಯಳೆಂದಲ್ಲ.

ಪುರಾವೆಯ ವಿಷಯದಲ್ಲಿ ಮಾತ್ರ ಕಾನೂನು ಉದಾರವಾಗಿದೆ. ಇಂಥದೇ ಕಾಗದ ಬೇಕೆಂದಿಲ್ಲ, ನಂಬಲರ್ಹವಾದ ಯಾವ ಪುರಾವೆಯನ್ನಾದರೂ ಇಲಾಖೆ ಪರಿಶೀಲಿಸಬೇಕು. ಗಂಡನ ಪೆಟ್ಟಿಗೆಯಲ್ಲಿರುವ ಕಾಗದ ಹೆಂಡತಿಗೆ ಸಿಗುವುದಿಲ್ಲವೆಂದು ಕಾನೂನು ಮಾಡಿದವರಿಗೆ ಗೊತ್ತಿತ್ತು. ನಮ್ಮ ಹುಡುಗಿಯ ಕಡತದಲ್ಲಿ ಏನೇನು ಸೇರಿತು ಹೇಳುತ್ತೇನೆ. ಲಗ್ನಪತ್ರಿಕೆ, ಕಲ್ಯಾಣಮಂಟಪದ ರಸೀದಿ, ಮದುವೆಯ ಫೋಟೋಗಳು, ಸಬ್‌ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರ, ಇಬ್ಬರ ಹೆಸರಿದ್ದ ಬಾಡಿಗೆ ಕರಾರಿನ ಪ್ರತಿ, ಅಲ್ಲಿಯ ಒಬ್ಬ ಗುಜರಾತಿ ನೆರೆಯಾಕೆಯ ಪತ್ರ, ಅಮ್ಮನಿಗೆ ಕಳಿಸಿದ್ದ ವಾಟ್ಸಾಪ್ ಸಂದೇಶಗಳು, ಒಂದು ಸಲ ಕಿವಿ ನೋವೆಂದು ಹೋಗಿದ್ದ ಕ್ಲಿನಿಕ್ಕಿನ ಚೀಟಿ. ಬೀಗರಿಗೆ ಹಣ ಕಳಿಸಿದ ಬ್ಯಾಂಕ್ ಚಲನ್ನುಗಳೂ ಸೇರಿದವು. ಎಲ್ಲಕ್ಕಿಂತ ಮೇಲೆ ಅವಳದೇ ಹೇಳಿಕೆ, ಆ ಹನ್ನೊಂದು ಪುಟ. ಕನ್ನಡದ ಕಾಗದಕ್ಕೆಲ್ಲ ಪೂರ್ಣ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ ಎಂದು ಸಹಿ ಹಾಕಬೇಕು. ನನ್ನ ಎಂ.ಎ. ಪದವಿ ನಿವೃತ್ತಿಯ ಮೇಲೆ ಉಪಯೋಗಕ್ಕೆ ಬಂದದ್ದು ಹೀಗೆ.

ಈ ಅರ್ಜಿಗೆ ಶುಲ್ಕವಿಲ್ಲ. ಇಲಾಖೆ ಗಂಡನಿಗೆ ತಿಳಿಸುವಂತಿಲ್ಲ, 1996ರಿಂದ ಅದಕ್ಕೆ ಪ್ರತ್ಯೇಕ ಕಾನೂನಿದೆ. ಪತ್ರವ್ಯವಹಾರಕ್ಕೆ ಗಂಡನ ಮನೆಯದಲ್ಲದ ಸುರಕ್ಷಿತ ವಿಳಾಸ ಕೊಡಬಹುದು. 2000ದ ತಿದ್ದುಪಡಿ ನಮ್ಮಂಥವರಿಗೆ ಬಹಳ ಮುಖ್ಯ. ಹಿಂಸೆ ಅಮೆರಿಕದ ನೆಲದಲ್ಲಿ ನಡೆದಿದ್ದರೆ ಹೆಣ್ಣು ಈಗ ಭಾರತದಲ್ಲಿದ್ದರೂ ಇಲ್ಲಿಂದಲೇ ಅರ್ಜಿ ಹಾಕಬಹುದು. ಊರಿಗೆ ಕರೆತಂದು ಬಿಟ್ಟುಹೋಗುವ ಗಂಡಂದಿರಿಗೆ ಇದು ಗೊತ್ತಿದ್ದಂತಿಲ್ಲ. ವಿಚ್ಛೇದನ ಆಗಿಹೋಗಿದ್ದರೂ, ಅದಕ್ಕೂ ಹಿಂಸೆಗೂ ಸಂಬಂಧವಿದ್ದು ಎರಡು ವರ್ಷ ಕಳೆದಿರದಿದ್ದರೆ ಅರ್ಜಿಗೆ ಅವಕಾಶವಿದೆ. ಅರ್ಜಿ ಮಂಜೂರಾಗುವ ಮುಂಚೆ ಮರುಮದುವೆಯಾದರೆ ಮಾತ್ರ ಅದು ಬಿದ್ದುಹೋಗುತ್ತದೆ. ಗಂಡ ಪೌರನಾಗಿದ್ದರೆ ಮಂಜೂರಾತಿಯ ಮೇಲೆ ಸಂಖ್ಯೆಯ ಮಿತಿಯಿಲ್ಲ, ಗ್ರೀನ್ ಕಾರ್ಡಿನವನಾಗಿದ್ದರೆ ಸಾಲಿನಲ್ಲಿ ನಿಲ್ಲಬೇಕು. ಹೇಗೂ ವರ್ಷಗಟ್ಟಲೆ ಕಾಯುವ ಕೆಲಸ. ಇನ್ನು, ಗ್ರೀನ್ ಕಾರ್ಡು ಆಗಲೇ ಸಿಕ್ಕಿದ್ದು ಗಂಡ ಅದನ್ನು ಕಿತ್ತುಕೊಂಡು ಹೋಗಿದ್ದರೆ ಅದು ಬೇರೆ ಮಾತು, ಅಲ್ಲಿ ಹೊಸದಾಗಿ ಹಕ್ಕು ಕೇಳುವುದೇನಿಲ್ಲ. ಪೊಲೀಸು ದೂರು ಕೊಟ್ಟು, ಹೊಸ ಪಾಸ್‌ಪೋರ್ಟು ಮಾಡಿಸಿ, ಅಮೆರಿಕದ ದೂತಾವಾಸದಿಂದ ಪ್ರಯಾಣದ ಕಾಗದ ಪಡೆಯಬೇಕು. ಆ ದೇಶದಿಂದ ಹೊರಗಿದ್ದು ಒಂದು ವರ್ಷ ಕಳೆದರೆ ಬರೀ ಕಾರ್ಡಿನ ಬಲದಿಂದ ವಾಪಸು ಹೋಗಲಾಗದು. "ಅವನೇ ಬಂದು ಕರೆದುಕೊಂಡು ಹೋಗ್ತಾನೆ, ಸ್ವಲ್ಪ ತಾಳು" ಎಂದು ಹಿರಿಯರು ಹೇಳುವ ಬುದ್ಧಿಮಾತಿನಲ್ಲಿ ಆ ವರ್ಷ ಹೇಗೆ ಕರಗುತ್ತದೆಂದು ಬಲ್ಲಿರಿ.

ಈಗ ಮೊದಲ ಮಾತಿಗೆ ಬರುತ್ತೇನೆ. ಈ ಬಾಗಿಲು ತೆರೆಯುವುದು ಪೌರನ ಹೆಂಡತಿಗೆ, ಗ್ರೀನ್ ಕಾರ್ಡಿನವನ ಹೆಂಡತಿಗೆ. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಮದುವೆಯಾಗಿ ಹೋಗುವುದು ಎಚ್-1ಬಿ ವೀಸಾದ ಸಾಫ್ಟ್‌ವೇರ್ ಇಂಜಿನಿಯರುಗಳ ಹಿಂದೆ, ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ. ಅವರಿಗೆ ಈ ಅರ್ಜಿಯ ಹಕ್ಕಿಲ್ಲ. ಹೊಡೆತ ಅದೇ, ಮೂಗೇಟು ಅದೇ, ಆದರೆ ಗಂಡನ ಕಾಗದದ ಬಣ್ಣ ಬೇರೆಯಾದ್ದರಿಂದ ಹೆಂಡತಿಗೆ ರಕ್ಷಣೆಯೂ ಬೇರೆ. ಭಾರತದವರ ಗ್ರೀನ್ ಕಾರ್ಡಿನ ಸಾಲು ದಶಕಗಳಷ್ಟು ಉದ್ದ. ಅಷ್ಟೂ ಕಾಲ ಹೆಂಡತಿಯ ನೆಲೆ ಗಂಡನ ಬಾಲ. ವಿಚ್ಛೇದನವಾದರೆ ಹೋಯಿತು. ಗಂಡ ಸತ್ತರೂ ಹೋಯಿತು. 2017ರ ಫೆಬ್ರವರಿಯಲ್ಲಿ ಕನ್ಸಾಸ್ ರಾಜ್ಯದಲ್ಲಿ ಶ್ರೀನಿವಾಸ ಕುಚಿಭೋಟ್ಲ ಎಂಬ ಇಂಜಿನಿಯರ್ ಜನಾಂಗದ್ವೇಷಿಯೊಬ್ಬನ ಗುಂಡಿಗೆ ಬಲಿಯಾದಾಗ, ಅಂತ್ಯಕ್ರಿಯೆಗೆ ಭಾರತಕ್ಕೆ ಬಂದ ಅವರ ಹೆಂಡತಿಗೆ ವಾಪಸು ಹೋಗುವ ಹಕ್ಕೇ ಇಲ್ಲದಂತಾಯಿತು. ಅಲ್ಲಿಯ ಸಂಸತ್ ಸದಸ್ಯರೊಬ್ಬರು ಮುತುವರ್ಜಿ ವಹಿಸಿ ದಾರಿ ಮಾಡಿಕೊಟ್ಟರು. ಅದು ಪತ್ರಿಕೆಗಳಲ್ಲಿ ಬಂದ ಸಾವು. ಪತ್ರಿಕೆಯಲ್ಲಿ ಬರದ ಮನೆಯೊಳಗಿನ ಹೊಡೆತಕ್ಕೆ ಯಾವ ಸಂಸತ್ ಸದಸ್ಯರು ಬರುತ್ತಾರೆ?

ಎಚ್-4ನವರಿಗೆ ಏನೂ ಇಲ್ಲವೆಂದಲ್ಲ. ಹಿಂಸೆಗೊಳಗಾದ ಇಂಥ ಹೆಂಡತಿಯರಿಗೆ ಕೆಲಸ ಮಾಡುವ ಅನುಮತಿ ಕೊಡಬೇಕೆಂದು 2005ರ ತಿದ್ದುಪಡಿ ಹೇಳಿತು, ಅದು ಜಾರಿಗೆ ಬರಲು ಹತ್ತು ವರ್ಷದ ಮೇಲೆ ಹಿಡಿಯಿತು. ಆದರೆ ಕೆಲಸದ ಅನುಮತಿ ವಾಸದ ಹಕ್ಕಲ್ಲ. ಇನ್ನೊಂದು, 2000ದಲ್ಲಿ ಬಂದ ಯು ವೀಸಾ. ಅಪರಾಧಕ್ಕೆ ಬಲಿಯಾಗಿ ಪೊಲೀಸರ ತನಿಖೆಗೆ ಸಹಕರಿಸಿದವರಿಗೆ ಅದು. ಮನೆಯೊಳಗಿನ ಹಿಂಸೆಯೂ ಆ ಅಪರಾಧಗಳ ಪಟ್ಟಿಯಲ್ಲಿದೆ, ಗಂಡನ ವೀಸಾ ಯಾವುದಾದರೂ ಸರಿ. ಮೂರು ವರ್ಷ ಕಳೆದ ಮೇಲೆ ಗ್ರೀನ್ ಕಾರ್ಡಿಗೂ ಕೇಳಬಹುದು. ಆದರೆ ಪೊಲೀಸು ಅಥವಾ ಸರ್ಕಾರಿ ವಕೀಲರ ದೃಢೀಕರಣ ಬೇಕು, ಮತ್ತು ಇಡೀ ಜಗತ್ತಿನಿಂದ ಬಂದ ಅರ್ಜಿದಾರರಿಗೆ ಸೇರಿ ವರ್ಷಕ್ಕೆ 10,000 ಮಾತ್ರ. ಆದ್ದರಿಂದ ಹೊಡೆತ ಬಿದ್ದ ದಿನ ಅಲ್ಲಿ 911ಕ್ಕೆ ಫೋನ್ ಮಾಡಿ ದೂರಿನ ಪ್ರತಿ ಇಟ್ಟುಕೊಂಡವಳಿಗೆ ಮುಂದೆ ಒಂದು ದಾರಿಯಿರುತ್ತದೆ, ಮರ್ಯಾದೆಗೆ ಅಂಜಿ ಸುಮ್ಮನಿದ್ದವಳಿಗೆ ಅದೂ ಇರುವುದಿಲ್ಲ. ಗಂಡಸರ ವೀಸಾ ನೋಡಿ ಹೆಂಗಸರ ಗಾಯ ಅಳೆಯುವ ಈ ಭೇದ ಹೋಗಬೇಕೆಂದು ಅಲ್ಲಿಯ ದಕ್ಷಿಣ ಏಷ್ಯಾದ ಮಹಿಳಾ ಸಂಘಟನೆಗಳು ಕೇಳುತ್ತ ಬಂದಿವೆ. ನಮ್ಮ ಸರ್ಕಾರವೂ ಎಚ್-1ಬಿ ಸಂಖ್ಯೆ ಹೆಚ್ಚಿಸಿ ಎಂದು ಕೇಳುವ ಉತ್ಸಾಹದಲ್ಲಿ ನಾಲ್ಕನೇ ಒಂದು ಪಾಲನ್ನಾದರೂ ಎಚ್-4 ಹೆಂಗಸರ ಪರವಾಗಿ ತೋರಿಸಬೇಕು ಎಂದು ನನ್ನ ಅಭಿಪ್ರಾಯ.

"ಗಂಡನ ಮೇಲೆ ಸುಳ್ಳು ದೂರು ಕೊಟ್ಟು ಗ್ರೀನ್ ಕಾರ್ಡು ಹೊಡೆಯುತ್ತಾರೆ" ಎಂಬ ಮಾತು ಅಲ್ಲಿಯೂ ಇದೆ, ಇಲ್ಲಿ 498ಎ ಬಗ್ಗೆ ಹೇಳುವಂತೆಯೇ. ಸುಳ್ಳು ಹೇಳಬಾರದು, ಹೇಳಿ ಸಿಕ್ಕಿಬಿದ್ದರೆ ಆ ದೇಶದ ಬಾಗಿಲೇ ಮುಚ್ಚಿಹೋಗುತ್ತದೆ. ಆದರೆ ನಾನು ನೋಡಿದ ಆ ಕಡತವನ್ನು ಅವರೂ ನೋಡಬೇಕು. ಒಬ್ಬ ಹೆಣ್ಣುಮಗಳು ತನ್ನ ಮಲಗುವ ಕೋಣೆಯ ಅವಮಾನವನ್ನು ತಾರೀಖು ಸಮೇತ ಬರೆದು, ತಾಯಿಯ ಕೈಯಲ್ಲಿ ಕೊಟ್ಟು, ಮೇಷ್ಟರ ಕೈಯಲ್ಲಿ ಅನುವಾದ ಮಾಡಿಸಿ, ಕಾಣದ ಅಧಿಕಾರಿಗೆ ಕಳಿಸುವುದು ಸುಲಭದಲ್ಲಿ ಕಾರ್ಡು ಹೊಡೆಯುವ ದಾರಿಯೇ? ಗಂಡ ಸರಿಯಾಗಿದ್ದಿದ್ದರೆ ಒಂದು ಸಹಿಯಲ್ಲಿ ಆಗುತ್ತಿದ್ದ ಕೆಲಸ ಅದು. ಮತ್ತೆ ಕೆಲವರು, ಇಷ್ಟೆಲ್ಲ ಆದ ಮೇಲೆ ಅಮೆರಿಕ ಯಾಕೆ ಬೇಕು, ಇಲ್ಲೇ ಇರಲಿ ಎನ್ನುತ್ತಾರೆ. ಇರಬಹುದು. ಅವಳ ಬ್ಯಾಂಕಿನ ಸಾಲ, ಅರ್ಧಕ್ಕೆ ನಿಂತ ಓದು, ಮಕ್ಕಳಿದ್ದವರಿಗೆ ಅಲ್ಲಿ ಹುಟ್ಟಿದ ಮಗು, ಇವುಗಳ ಲೆಕ್ಕ ಹಾಕಬೇಕಾದವಳು ಅವಳು. ಹೋಗುವುದು, ಬಿಡುವುದು ಅವಳ ಇಷ್ಟ.

ಇಲ್ಲಿಯ ದಾರಿಗಳನ್ನೂ ಬಿಡಬೇಕಾಗಿಲ್ಲ. ಅಲ್ಲಿಯ ಕೋರ್ಟಿನಲ್ಲಿ ಗಂಡ ಏಕಪಕ್ಷೀಯವಾಗಿ ತಂದ ವಿಚ್ಛೇದನ ಇಲ್ಲಿ ತಾನಾಗಿ ಊರ್ಜಿತವಾಗುವುದಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟು 1991ರಲ್ಲೇ ವೈ. ನರಸಿಂಹರಾವ್ ಪ್ರಕರಣದಲ್ಲಿ ಹೇಳಿದೆ. ತವರಿಗೆ ಬಂದು ಆಶ್ರಯ ಪಡೆದವಳು ಆ ಊರಿನಲ್ಲೇ ಕ್ರೌರ್ಯದ ದೂರು ಕೊಡಬಹುದೆಂದು 2019ರಲ್ಲಿ ಹೇಳಿದೆ. 498ಎ ಈಗ ಹೆಸರು ಬದಲಿಸಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಜೀವನಾಂಶ, ಸ್ತ್ರೀಧನ ಕೇಳಬಹುದು. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಗಂಡಂದಿರ ದೂರಿಗೆಂದೇ ಒಂದು ವಿಭಾಗವಿದೆ. 181ಕ್ಕೆ ಯಾವ ಊರಿಂದಲಾದರೂ ಫೋನ್ ಮಾಡಬಹುದು. ಅಮೆರಿಕದಲ್ಲಿರುವವರಿಗೆ ರಾಷ್ಟ್ರೀಯ ಸಹಾಯವಾಣಿ 1-800-799-7233. ನ್ಯೂಜೆರ್ಸಿಯಲ್ಲಿ 1985ರಿಂದ ಮಾನವಿ, ನ್ಯೂಯಾರ್ಕಿನಲ್ಲಿ ಸಖಿ, ಕ್ಯಾಲಿಫೋರ್ನಿಯಾದಲ್ಲಿ ಮೈತ್ರಿ ನಮ್ಮ ಕಡೆಯ ಹೆಂಗಸರಿಗಾಗಿಯೇ ನಡೆಯುತ್ತಿರುವ ಸಂಸ್ಥೆಗಳು. ನಮ್ಮ ಪೇಟೆಗಳ ವೀಸಾ ಕನ್ಸಲ್ಟೆಂಟರ ಬಳಿ ಮಾತ್ರ ಈ ಅರ್ಜಿ ಒಯ್ಯಬೇಡಿ. ಅಲ್ಲಿಯ ವಕೀಲರು ಅಥವಾ ಅಲ್ಲಿಯ ಸರ್ಕಾರ ಮಾನ್ಯ ಮಾಡಿದ ಪ್ರತಿನಿಧಿಗಳು ಮಾತ್ರ ಇದರಲ್ಲಿ ಸಲಹೆ ಕೊಡುವ ಅಧಿಕಾರ ಉಳ್ಳವರು, ನಿಯಮಗಳು ಸರ್ಕಾರ ಬದಲಾದಂತೆ ಬದಲಾಗುತ್ತವೆ.

ಗೆಳತಿಯರೆ, ನಿಮ್ಮ ಸಂಘದಲ್ಲಿ ಯಾರಾದರೂ ಮಗಳ ಅಮೆರಿಕದ ಸಂಬಂಧಕ್ಕೆಂದು ಸಾಲ ಕೇಳಿದರೆ, ಉದ್ದೇಶದ ಕಾಲಂ ತುಂಬುವ ಮುಂಚೆ ಒಂದು ಪ್ರಶ್ನೆ ಕೇಳಿ. ಹುಡುಗನದು ಯಾವ ವೀಸಾ? ಸಂಬಳ ಎಷ್ಟು, ಮನೆ ಸ್ವಂತದ್ದೇ ಎಂದು ಕೇಳುವ ನಾವು ಇದನ್ನು ಕೇಳುವುದಿಲ್ಲ. ಎಚ್-1ಬಿಯೋ, ಗ್ರೀನ್ ಕಾರ್ಡೋ, ಪೌರತ್ವವೋ ಎಂಬುದರ ಮೇಲೆ ನಾಳೆ ನಿಮ್ಮ ಮಗಳಿಗೆ ಯಾವ ಬಾಗಿಲಿದೆ, ಯಾವುದಿಲ್ಲ ಎಂಬುದು ನಿಂತಿದೆ. ಹೊರಡುವ ಮುಂಚೆ ಅವಳ ಪಾಸ್‌ಪೋರ್ಟು, ವೀಸಾ, ವಿವಾಹ ನೋಂದಣಿ ಪತ್ರ, ಅಳಿಯನ ಪಾಸ್‌ಪೋರ್ಟಿನ ಅಥವಾ ಕಾರ್ಡಿನ ಪ್ರತಿ, ಎಲ್ಲದರ ಜೆರಾಕ್ಸ್ ತವರಿನಲ್ಲಿ ಇರಲಿ. ಅಳಿಯ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಓದುತ್ತಿರುವವಳು ಓದು ಬಿಡದಿರಲಿ, ಅದು ಅವಳ ಸ್ವಂತ ವೀಸಾ.

ನಮ್ಮ ಹುಡುಗಿಯ ಅರ್ಜಿ ಅಲ್ಲಿಯ ಒಂದು ಉಚಿತ ಕಾನೂನು ನೆರವಿನ ವಕೀಲೆಯ ಮೂಲಕ ಹೋಯಿತು. ಆರು ವಾರದ ಮೇಲೆ ಅರ್ಜಿ ತಲುಪಿದೆ ಎಂಬ ರಸೀದಿ ಬಂತು, ಉತ್ತರ ಇನ್ನೂ ಬಂದಿಲ್ಲ. ಅವಳು ಸದ್ಯಕ್ಕೆ ತಾಲ್ಲೂಕು ಕೇಂದ್ರದ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಳೆ. ಆ ರಸೀದಿಯನ್ನು ತಾಯಿ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಬುಕ್ಕಿನ ಜೊತೆಗೆ ಇಟ್ಟಿದ್ದಾರೆ. ಲಕ್ಷ ರೂಪಾಯಿ ಸಾಲದ ಕಂತು ಇನ್ನೂ ಹದಿನಾಲ್ಕು ಬಾಕಿಯಿದೆ, ಪ್ರತಿ ಗುರುವಾರ ಸಂಘ ಸೇರುತ್ತದೆ. ಮೊನ್ನೆಯ ಸಭೆಯಲ್ಲಿ ಅವರೇ ಎದ್ದು ನಿಂತು, ನಡಾವಳಿ ಪುಸ್ತಕದಲ್ಲಿ ತಮ್ಮ ಸಾಲದ ಉದ್ದೇಶ ತಪ್ಪು ಬರೆದಿದೆ, ಅದನ್ನು ಹೊಡೆದು "ವರದಕ್ಷಿಣೆ" ಎಂದು ಬರೆಯಿರಿ ಎಂದರಂತೆ.